ಭಾವನ ನೀರು, ನನ್ನ ಟೀ

ಭಾವ ನಮ್ಮ ಅಕ್ಕನನ್ನು ನೋಡಲು ಚೌಳಹಿರಿಯೂರಿಗೆ ಬಂದ ದಿನ ಮೊದಲು ನೋಡಿದ್ದು ಅಕ್ಕನನ್ನಲ್ಲ, ನೀರಿನ ಲೋಟವನ್ನು. ಅಮ್ಮ ಕೊಟ್ಟ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಬಾವಿ ಮನೆ ಹಿಂದಿದೆಯೋ, ತೆಂಗಿನ ತೋಟದಲ್ಲಿದೆಯೋ?" ಎಂದು ಕೇಳಿದರು. ಲೋಟ ಸರಿಯಾಗಿ ಬೆಳಗಿಲ್ಲವೇನೋ ಎಂದು ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನಾನೂ ಹಿಂದೆಯೇ ಹೋಗಿ ಅಕ್ಕನ ಕಿವಿಯಲ್ಲಿ ಕೇಳಿದೆ:

"ಇವ್ರು ಹುಡ್ಗೀನ ನೋಡಕ್ ಬಂದವ್ರೋ, ಬಾವೀನೋ?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗುವಿನಲ್ಲೇ ಮದುವೆ ಗಟ್ಟಿಯಾಯಿತು ಎಂದು ನನ್ನ ಲೆಕ್ಕ.

ಭಾವ ತೀರಿಕೊಂಡ ಮೇಲೆ ಜನ ಅವರ ಬಗ್ಗೆ ದೊಡ್ಡ ದೊಡ್ಡ ಮಾತನ್ನೇ ಆಡಿದ್ದಾರೆ. ನನಗೆ ನೆನಪಾಗುವುದು ಆ ಮೂಗು. ಭಾವನನ್ನು ಗೇಲಿ ಮಾಡುವುದು ಭಾಮೈದನ ಹಕ್ಕು. ಅವರು ಸತ್ತರೆಂದು ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಅವರದು ಊರುಗಳಿಗೆ ಕುಡಿಯುವ ನೀರು ಶುದ್ಧ ಮಾಡುವ ಘಟಕ ಕಟ್ಟುವ ಕೆಲಸ. ಜನ ಅದನ್ನು ಫಿಲ್ಟರ್ ಹೌಸ್ ಎನ್ನುತ್ತಿದ್ದರು. ಬೇರೆ ಕಡೆ ನಕ್ಷೆ ಹಾಕುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ಏನಾದರೂ ಕೆಟ್ಟರೆ ಇವರು ಅವರನ್ನು ಬೈದು, ಅವರು ಇವರನ್ನು ಬೈದು ಸುಖವಾಗಿರುತ್ತಾರೆ. ಭಾವನ ಕಂಪನಿ ಎರಡನ್ನೂ ತಾನೇ ಒಪ್ಪಿಕೊಳ್ಳುತ್ತಿತ್ತು. "ನಕ್ಷೆ ನಮ್ಮದೇ, ಕಟ್ಟೋದು ನಾವೇ, ನೀರು ಬಿಟ್ಟು ತೋರಿಸೋದೂ ನಾವೇ. ಬೈಯೋಣ ಅಂದ್ರೆ ಯಾರೂ ಸಿಗಲ್ಲ ಕಣಯ್ಯ," ಎನ್ನುತ್ತಿದ್ದರು. ಸಿಗದೆ ಏನು, ಮನೆಯಲ್ಲಿ ಅಕ್ಕ ಸಿಗುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವರು ಕೂಗಾಡಿದ ದಿನ ಯಾವುದೋ ಟ್ಯಾಂಕು ಸೋರಿದೆ ಎಂದು ಅವಳೇ ಊಹಿಸಿಕೊಳ್ಳುತ್ತಿದ್ದಳು.

ಕಡೂರು, ತರೀಕೆರೆ ಕಡೆ ಸಣ್ಣಪುಟ್ಟ ಕೆಲಸ ಮುಗಿಸಿ ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಅಜ್ಜಂಪುರಕ್ಕೆ ಬಂದರು. ಅಷ್ಟರಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದಿನ ಸುದ್ದಿಗೆ ಹೋಗದೆ, ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಹೋಟೆಲು ಇಟ್ಟಿದ್ದೆ. ಎರಡು ಬೆಂಚು, ಒಂದು ಒಲೆ. ಹಿಂದಿನ ಬಾವಿಯ ನೀರು ಸವಳು. ಅದರಲ್ಲಿ ಟೀಗೆ ಬಣ್ಣ ಬರಬೇಕಾದರೆ ಪುಡಿಯನ್ನು ಕೈತುಂಬ ಸುರಿಯಬೇಕಿತ್ತು. ಸುರಿಯುತ್ತಿದ್ದೆ. ಜನಕ್ಕೆ ಅದೇ ರುಚಿಯಾಗಿತ್ತು.

ಫಿಲ್ಟರ್ ಹೌಸ್ ಮುಗಿದು ಬೀದಿ ನಲ್ಲಿಗಳಲ್ಲಿ ನೀರು ಬಂತು. ಕೆಲವು ತಿಂಗಳು ಕಂಪನಿಯೇ ಅದನ್ನು ನಡೆಸಬೇಕು. ಆಮೇಲೆ ಊರಿನ ಹಿರಿಯರು ಒಪ್ಪಿ ಕೀಲಿ ತೆಗೆದುಕೊಳ್ಳಬೇಕು. ಹಾಗಿತ್ತು ಕರಾರು. ಭಾವ ನನ್ನ ಹೋಟೆಲಿಗೂ ಒಂದು ನಲ್ಲಿ ಹಾಕಿಸಿದರು. ನಾನು ಆ ನೀರಲ್ಲಿ ಟೀ ಮಾಡಿದೆ. ಮೊದಲ ಲೋಟ ಕುಡಿದವರು ದಿನವೂ ಬರುತ್ತಿದ್ದ ಕೊಬ್ಬರಿ ವ್ಯಾಪಾರದ ಯಜಮಾನರು. ಅವರು ಬಾಯಲ್ಲಿದ್ದದ್ದನ್ನು ಚರಂಡಿಗೆ ಉಗಿದರು.

"ಬೇವಿನ ಕಷಾಯ ಆಗೈತಲ್ಲೋ. ಏನ್ ಬೆರೆಸವ್ನೆ ನಿಮ್ ಭಾವ?"

"ಪಟಿಕ ಹಾಕ್ತಾರಂತೆ, ಬ್ಲೀಚಿಂಗ್ ಪೌಡರ್ ಹಾಕ್ತಾರಂತೆ."

"ಹಾಕಲಿ, ಅವನ ಮನೇಗೆ ಹಾಕ್ಕೊಳ್ಳಲಿ."

ಸಂತೆಯ ಹೊತ್ತಿಗೆ ಮಾತು ಊರೆಲ್ಲ ಹಬ್ಬಿತು. ನಾನು ಬಾವಿ ನೀರಿಗೆ ವಾಪಸು ಹೋದೆ. ನಾಲ್ಕು ಜನರ ಎದುರಿಗೇ ಹಗ್ಗ ಇಳಿಬಿಟ್ಟು ಸೇದುತ್ತಿದ್ದೆ. ಇಂಜಿನಿಯರರ ಭಾಮೈದನೇ ಆ ನೀರು ಮುಟ್ಟುವುದಿಲ್ಲ ಎಂದ ಮೇಲೆ ಕೇಳಬೇಕೆ? ನಲ್ಲಿಯ ಮುಂದೆ ಎಮ್ಮೆ ತೊಳೆಯಲು ಶುರು ಮಾಡಿದರು. ಕೀಲಿಯ ಮಾತೆತ್ತಿದರೆ ಹಿರಿಯರು ಆಕಾಶ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ಹೋಟೆಲಿಗೇ ಬಂದಳು. ಬೆಂಚಿನ ಮೇಲೆ ಕೂರಲಿಲ್ಲ.

"ಊರು ಕೀಲಿ ತಗಳ್ದಿದ್ರೆ ಕಂಪ್ನಿಯೋರು ಇವ್ರನ್ನ ಮುಂದೆ ಯಾವ ಕೆಲ್ಸಕ್ಕೂ ಕಳ್ಸಲ್ಲ. ಆಫೀಸ್ನಾಗೆ ಮೂಲೆಗ್ ಕೂರಿಸ್ತಾರೆ. ಗೊತ್ತೇನೋ?"

"ನಾನೇನ್ ಮಾಡ್ಲಿ ಅಕ್ಕ? ಕಹಿ ಟೀ ಕುಡೀರಿ ಅಂತ ಜನದ್ ಕಾಲ್ ಹಿಡೀಲಾ?"

"ಅವ್ರು ರಾತ್ರಿ ನಿದ್ದೆ ಮಾಡ್ತಿಲ್ಲ ಕಣೋ," ಎಂದಳು. "ಎದ್ದು ಕೂತ್ಕಂಡು ಚೊಂಬಿನ್ ನೀರು ಮೂಸ್ತಾರೆ."

ನಗು ಬಂತು, ನಗಲಿಲ್ಲ.

ಮರುದಿನ ಬೆಳಿಗ್ಗೆ ಭಾವನೇ ಬಂದರು. ಫಿಲ್ಟರ್ ಹೌಸಿನಲ್ಲಿ ಅವರು ದಿನಾ ಮಾಡುವ ಒಂದು ಪರೀಕ್ಷೆ ಇತ್ತು. ಒಂದೇ ನೀರನ್ನು ಸಾಲಾಗಿಟ್ಟ ಗಾಜಿನ ಜಾಡಿಗಳಿಗೆ ತುಂಬಿ, ಒಂದಕ್ಕಿಂತ ಒಂದಕ್ಕೆ ಪಟಿಕ ಹೆಚ್ಚಿಗೆ ಹಾಕಿ, ಕಲಕಿ, ಯಾವುದು ಚೆನ್ನಾಗಿ ತಿಳಿಯಾಗುತ್ತದೆ ಎಂದು ನೋಡುವುದು. ಅವತ್ತು ನನ್ನ ಗಾಜಿನ ಲೋಟಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದರು. ಗಿರಾಕಿಗಳನ್ನು ಎಬ್ಬಿಸಿದರು. ನಲ್ಲಿ ನೀರು ಕುದಿಸಿ, ಒಂದಕ್ಕೆ ಚಿಟಿಕೆ ಟೀ ಪುಡಿ, ಮುಂದಿನದಕ್ಕೆ ಇನ್ನಷ್ಟು, ಹೀಗೆ ಕೊನೆಯ ಲೋಟಕ್ಕೆ ನನ್ನ ಹಿಡಿ. ಚಮಚದಲ್ಲಿ ಒಂದೇ ಸಮ ಕಲಕಿ, ಕೈಕಟ್ಟಿ ನಿಂತರು.

"ಏನಪ್ಪಾ ಇಂಜಿನಿಯರೇ," ಎಂದರು ಯಜಮಾನರು, "ಟೀ ಕೊಡ್ತೀರೋ, ತಿಥಿ ಮಾಡ್ತೀರೋ?"

"ತಳ ಕೂರಲಿ ತಡೀರಿ."

ತಳ ಕೂತ ಮೇಲೆ ಸೋಸಿ, ಹಾಲು ಸಕ್ಕರೆ ಬೆರೆಸಿ, ಯಜಮಾನರಿಗೇ ಒಂದೊಂದಾಗಿ ಕೊಟ್ಟರು. ಮೊದಲನೆಯದು ಸಪ್ಪೆ ಎಂದರು. ಎರಡನೆಯದನ್ನು ಕುಡಿದವರು ಲೋಟ ಕೊಡಲೇ ಇಲ್ಲ, ಪೂರ್ತಿ ಮುಗಿಸಿದರು. ಕೊನೆಯದನ್ನು ಮತ್ತೆ ಚರಂಡಿಗೆ ಉಗಿದರು.

"ಆ ಎರಡ್ನೇದು ಬಾವಿ ನೀರು ತಾನೆ?"

"ಎಲ್ಲಾ ನಲ್ಲಿ ನೀರೇ ಯಜಮಾನ್ರೇ. ಇದು ಮೆದು ನೀರು, ಸವಳಿಗೆ ಸುರಿದಷ್ಟು ಪುಡಿ ಸುರಿದ್ರೆ ಕಹಿ ಆಗದೆ ಏನಾಗುತ್ತೆ?"

"ಮತ್ತೆ ಇಷ್ಟ್ ದಿನ ಕಷಾಯ ಕುಡಿಸಿದ್ದು?"

ಭಾವ ನನ್ನ ಕಡೆ ಕೈ ತೋರಿಸಿದರು. ಬೈಯಲು ಒಬ್ಬ ಸಿಕ್ಕಿದ್ದಕ್ಕೆ ಅವರ ಮುಖದಲ್ಲಿ ಅಂಥ ಸಂತೋಷವನ್ನು ಅವರ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಆ ದಿನದಿಂದ ಪುಡಿ ಕಡಿಮೆ ಮಾಡಿದೆ. ಬಾವಿಯ ಹಗ್ಗ ಗೂಟದಲ್ಲೇ ಒಣಗಿತು. ಊರಿನವರು ಎಮ್ಮೆಗಳನ್ನು ಕೆರೆಗೆ ಹೊಡೆದರು, ಹಿರಿಯರು ಕೀಲಿ ತೆಗೆದುಕೊಂಡರು. ಕೀಲಿ ಕೊಡುವ ಸಮಾರಂಭದಲ್ಲಿ ಭಾವ ದೇವರಿಂದ ಹಿಡಿದು ಸಿಮೆಂಟ್ ಲಾರಿಯ ಡ್ರೈವರ್‌ವರೆಗೆ ಎಲ್ಲರಿಗೂ ವಂದನೆ ಹೇಳಿದರು, ನನ್ನೊಬ್ಬನನ್ನು ಬಿಟ್ಟು. ಕೇಳಿದ್ದಕ್ಕೆ, "ನಿನ್ನ ಟೀ ಸರಿ ಮಾಡಿದ್ದು ನಾನು. ನೀನೇ ನನಗೆ ಹೇಳಬೇಕು," ಎಂದರು.

ಮುಂದೆ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದರು. ಮನೆ ಮಾತ್ರ ಅಜ್ಜಂಪುರದಲ್ಲೇ ಉಳಿಯಿತು. ಬಂದಾಗಲೆಲ್ಲ ನನ್ನ ಹೋಟೆಲಿಗೆ ಬರುತ್ತಿದ್ದರು, ಲೋಟ ಮೂಸುತ್ತಿದ್ದರು, "ಒಂದು ಚಿಟಿಕೆ ಜಾಸ್ತಿ" ಎನ್ನುತ್ತಿದ್ದರು. ಹೆಚ್ಚಾಗಿರಲಿ ಬಿಡಲಿ, ಅದನ್ನು ಹೇಳದೆ ಕುಡಿದವರಲ್ಲ.

ಲಿಂಗದಹಳ್ಳಿ ಕಡೆ ಒಂದು ಹೊಸ ಕೆಲಸಕ್ಕೆ ಜಾಗ ನೋಡಿಕೊಂಡು ಬಂದ ದಿನ ಎದೆ ನೋವು ಎಂದು ಜಗಲಿಯ ಮೇಲೆ ಕೂತರು. ಮತ್ತೆ ಏಳಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂದವರಿಗೆ ಟೀ ನನ್ನ ಹೋಟೆಲಿನಿಂದಲೇ ಹೋಗಬೇಕಿತ್ತು. ಕೆಲಸದವರಿಗೆ ಬಿಡದೆ ನಾನೇ ಕಾಸಿದೆ. ಕೈ ಏನು ಮಾಡುತ್ತಿದೆ ಎಂದು ನೋಡಲಿಲ್ಲ. ಅಕ್ಕನ ಮನೆಯ ಅಂಗಳದಲ್ಲಿ ಎಲ್ಲರೂ ಕುಡಿದರು, ಸಾವಿನ ಮನೆಯ ಟೀ ಹೇಗಿದ್ದರೂ ಕುಡಿಯುತ್ತಾರಲ್ಲ, ಹಾಗೆ. ಮುದುಕರಾಗಿದ್ದ ಕೊಬ್ಬರಿ ಯಜಮಾನರು ಮಾತ್ರ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಇವತ್ತು ನೀರೇ ಸರಿ ಇಲ್ಲ ಕಣಯ್ಯ."

"ನೀರು ಸರಿಯಾಗೈತೆ ಯಜಮಾನ್ರೇ," ಎಂದೆ. "ಪುಡಿ ನಾನೇ ಜಾಸ್ತಿ ಹಾಕಿದೀನಿ."

ಅವರು ಲೋಟವನ್ನು ಕೆಳಗಿಟ್ಟು, "ಹಂಗಾದ್ರೆ ಇನ್ನೊಂದ್ ಸಲ ಮಾಡ್ಕಂಡ್ ಬಾ," ಎಂದರು.

ಗೋಡೆಗೆ ಒರಗಿ ಕೂತಿದ್ದ ಅಕ್ಕ ತಲೆ ಎತ್ತಿ, "ನಂಗೂ ತತ್ತಾರೋ," ಎಂದಳು. ಹೋಗಿ ಮಾಡಿಕೊಂಡು ಬಂದೆ.