ಹಿರಿಯರನ್ನು ಪಿಕಪ್ ಹತ್ತಿಸಿದ್ದು

ನನ್ನ ಸೊಸೆ ಸೈಕಲ್ ರೇಸಿಗೆ ಹೋಗುತ್ತಾಳೆ ಎಂದರೆ ಮೊದಮೊದಲು ಯಾರೂ ನಂಬುತ್ತಿರಲಿಲ್ಲ. ಅವಳಿಗೆ ನಲವತ್ತು ದಾಟಿದೆ. ಮಡಿಕೇರಿಯ ಒಂದು ಸೊಸೈಟಿಯಲ್ಲಿ ಕೌಂಟರಿನ ಹಿಂದೆ ಕೂತು ಮಾಡುವ ಕೆಲಸ. ಹೋಂಸ್ಟೇಯವನೊಬ್ಬ ಮಾರಿದ ಹಳೇ ಗೇರ್ ಸೈಕಲ್ಲನ್ನು ಅವಳು ಮನೆಗೆ ತಂದ ದಿನ ನಾನು ಸುತ್ತ ತಿರುಗಿ ನೋಡಿ, "ಇದಕ್ಕೆ ಕ್ಯಾರಿಯರೂ ಇಲ್ಲ. ಇದರಲ್ಲಿ ಎಂಥ ತರ್ಲಿಕ್ಕಾಗ್ತದೆ?" ಎಂದು ಕೇಳಿದೆ.

"ಎಂಥದ್ದೂ ತರ್ಲಿಕ್ಕಲ್ಲ ಅತ್ತೆ, ಹೋಗ್ಲಿಕ್ಕೆ" ಎಂದಳು.

ರೇಸು ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಕಾಫಿ ಕೊಯ್ಲಿಗೆ ಮುಂಚೆ. ಭಾಗಮಂಡಲದಿಂದ ಹೊರಟು ಮಡಿಕೇರಿ ಮುಟ್ಟಬೇಕು. ಬೆಂಗಳೂರು, ಮೈಸೂರಿನಿಂದೆಲ್ಲ ನೂರಾರು ಜನ ಬರುತ್ತಾರೆ. ಗೆಲ್ಲುವ ಹುಡುಗರ ತಳಿಯೇ ಬೇರೆ, ಅವರ ಕಾಲು ನೋಡಿದರೆ ಗೊತ್ತಾಗುತ್ತದೆ. ಸೊಸೆಗೆ ಗೆಲ್ಲುವ ಆಸೆ ಇರಲಿಲ್ಲ. ಎರಡು ಗಂಟೆಯೊಳಗೆ ಮುಟ್ಟಬೇಕು, ಅದೊಂದೇ ಹಟ. ಅದಕ್ಕಾಗಿ ವರ್ಷವಿಡೀ ಬೆಳಗ್ಗೆ ಎದ್ದು ಏರು ಹತ್ತಿ ಇಳಿಯುತ್ತಿದ್ದಳು. ಆ ಹೊತ್ತಿಗೆ ಹಸು ಕರೆಯುವುದು ನನ್ನ ಪಾಲಿಗೆ ಬಂತು. ಈ ಎರಡು ಗಂಟೆಯ ಹಟ ಬೇಗ ತೀರಲಿ ಎಂದು ನಾನು ಬಯಸಿದ್ದು ಪ್ರೀತಿಯಿಂದಲ್ಲ, ಮಂಡಿ ನೋವಿನಿಂದ.

ಹಿಂದಿನ ವರ್ಷ ನಾಲ್ಕು ನಿಮಿಷದಲ್ಲಿ ತಪ್ಪಿತ್ತು. ಟಯರ್ ಪಂಕ್ಚರ್ ಆಗಿರಲಿಲ್ಲ, ಉಸಿರು ಸಿಕ್ಕಿಕೊಂಡಿರಲಿಲ್ಲ. ನನ್ನ ತವರುಮನೆ ಚೇರಂಬಾಣೆ ಹತ್ತಿರ ರೋಡಿಗೆ ತಾಗಿಯೇ ಇದೆ. ರೇಸು ನೋಡಲು ನನ್ನ ಅಣ್ಣ, ಅತ್ತಿಗೆ, ಇನ್ನೂ ಮೂರು ಮಂದಿ ಹಿರಿಯರು ಗೇಟಿನ ಹತ್ತಿರ ನಿಂತಿದ್ದರು. ಇವಳು ಅವರನ್ನು ಕಂಡಳು, ಸೈಕಲ್ ನಿಲ್ಲಿಸಿದಳು, ಹೆಲ್ಮೆಟ್ ತೆಗೆದಳು, ಒಬ್ಬೊಬ್ಬರ ಕಾಲನ್ನೂ ಮೂರು ಮೂರು ಸಲ ಮುಟ್ಟಿ ಹಣೆಗೊತ್ತಿಕೊಂಡಳು. ಅತ್ತಿಗೆ ಕಾಫಿ ಲೋಟ ಹಿಡಿಸಿದಳು. ಅದನ್ನೂ ಕುಡಿದಳು!

"ರೇಸಿನ ಮಧ್ಯೆ ಯಾರಾದರೂ ಕಾಲು ಹಿಡೀತಾರಾ?" ಎಂದು ಬೈದೆ.

"ಹಿರಿಯರು ನಿಂತಿದ್ರಲ್ಲ ಅತ್ತೆ, ಹೇಗೆ ಹೋಗೋದು?" ಎಂದಳು.

ನಮ್ಮ ಕಡೆ ಅದು ಹಾಗೆಯೇ. ಹಿರಿಯರು ಎದುರಾದರೆ ಸೊಂಟ ತಾನಾಗಿ ಬಗ್ಗುತ್ತದೆ, ಹೇಳಿ ಪ್ರಯೋಜನವಿಲ್ಲ. ಸಾಲದ್ದಕ್ಕೆ ಆ ವರ್ಷವಿಡೀ ಯಾವ ಮದುವೆಗೆ ಹೋದರೂ ಇದೇ ಮಾತು. ಎಂಥ ಸೊಸೆ, ರೇಸು ಬಿಟ್ಟು ಇಳಿದು ಕಾಲು ಹಿಡಿದಳಂತೆ ಎಂದು ಎಲ್ಲರೂ ಹೊಗಳುವವರೇ. ಮುಂದಿನ ರೇಸಿಗೆ ಇದರಿಂದ ಏನಾಗುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು.

ಅದಕ್ಕೇ ಈ ಸಲ ರೇಸಿನ ದಿನ ಮೊದಲ ಬಸ್ಸಿಗೆ ಹತ್ತಿ ತವರಿಗೆ ಹೋದೆ. ನೋಡಿದರೆ ರೋಡಿನ ಬದಿಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಹನ್ನೊಂದು ಮಂದಿ ಹಿರಿಯರು, ಮದುವೆಗೆ ಹೊರಟಂತೆ ಉಡುಪು. ಅಕ್ಕಪಕ್ಕದ ಮನೆಯವರೂ ಬಂದಿದ್ದರು. ಒಬ್ಬೊಬ್ಬರಿಗೂ ಮೂರು ಸಲ ಬಗ್ಗಿದರೆ ಅವಳು ಮಡಿಕೇರಿ ಮುಟ್ಟುವಾಗ ಊಟದ ಹೊತ್ತಾಗುತ್ತಿತ್ತು.

"ಎಲ್ಲ ಒಳಗೆ ಹೋಗಿ. ಇವತ್ತು ಕಾಲೂ ಬೊತ್ತು, ಕಾಫಿಯೂ ಬೊತ್ತು, ಎಂಥದ್ದೂ ಬೇಡ" ಎಂದೆ.

ಅಣ್ಣನಿಗೆ ಎಂಬತ್ತೈದು. ಕುರ್ಚಿಯಿಂದ ಅಲ್ಲಾಡಲಿಲ್ಲ. "ನಮ್ಮ ರೋಡಿನಲ್ಲಿ ನಾವು ಕೂರ್ಲಿಕ್ಕೆ ನಿನ್ನ ಪರ್ಮಿಶನ್ ಬೇಕಾ?"

"ಕೂತ್ಕೋ. ಕಾಲು ಮಾತ್ರ ಮನೆಯಲ್ಲಿಟ್ಟು ಬಾ."

ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಣ್ಣನಿಗೆ ಸಿಟ್ಟು ಬಂತು. "ಹಿರಿಯರನ್ನು ಕಂಡೂ ಕಾಣದ ಹಾಗೆ ಹೋದರೆ ಜನ ಎಂಥ ಹೇಳ್ತಾರೆ? ನಿನ್ನ ಮನೆಗೇ ಕೆಟ್ಟ ಹೆಸರು."

ಮಾತಿನಿಂದ ಆಗದು ಎಂದು ಗೊತ್ತಾಯಿತು. ಅಂಗಳದಲ್ಲಿ ಕಾಫಿ ಮೂಟೆ ಸಾಗಿಸುವ ಪಿಕಪ್ ನಿಂತಿತ್ತು. ಡ್ರೈವರಿಗೆ ಹೇಳಿ ಅದನ್ನು ರೋಡಿನ ಬದಿಗೆ ತರಿಸಿದೆ. ಮೆಣಸು ಕೊಯ್ಯುವ ಏಣಿಯನ್ನು ಹಿಂದುಗಡೆ ಆನಿಸಿ, "ಇದರ ಮೇಲಿಂದ ತಿರುವಿನವರೆಗೂ ಕಾಣ್ತದೆ. ಕೆಳಗೆ ಕೂತರೆ ಬರೀ ಚಕ್ರ ಕಾಣೋದು" ಎಂದೆ. ಸುಳ್ಳಲ್ಲ. ಆದರೆ ನನ್ನ ಲೆಕ್ಕ ಬೇರೆ. ಕಾಲು ಕೈಗೆ ಸಿಗದ ಎತ್ತರದಲ್ಲಿದ್ದರೆ ಹಿಡಿಯುವ ಮಾತೇ ಇಲ್ಲವಲ್ಲ.

ಅತ್ತಿಗೆ ಮೊದಲು ಹತ್ತಿದಳು. ಅವಳು ಹತ್ತಿದ್ದು ನೋಡಿ ಉಳಿದವರಿಗೂ ಹುಕಿ ಬಂತು. ಒಬ್ಬರನ್ನು ಮೇಲಿನಿಂದ ಎಳೆದು, ಇನ್ನೊಬ್ಬರನ್ನು ಕೆಳಗಿನಿಂದ ದಬ್ಬಿ, ಹತ್ತು ಮಂದಿಯನ್ನು ಮೇಲೆ ನಿಲ್ಲಿಸಿದೆವು. ಅಣ್ಣ ಮಾತ್ರ ಹತ್ತಲಿಲ್ಲ. "ನಾನೇನು ಕಾಫಿ ಮೂಟೆಯಾ?" ಎಂದು ಊರುಗೋಲು ಹಿಡಿದು ರೋಡಿನ ಅಂಚಿಗೇ ಹೋಗಿ ನಿಂತ.

ಅಷ್ಟರಲ್ಲಿ ಸೀಟಿ ಊದುತ್ತಾ ಬೈಕ್ ಬಂತು, ಹಿಂದೆಯೇ ಗೆಲ್ಲುವ ಹುಡುಗರು. ಸೊರ್ರನೆ ಹೋದರು, ಮುಖ ನೋಡಲೂ ಆಗಲಿಲ್ಲ. ಪಿಕಪ್ ಮೇಲಿನವರು "ಹೋ" ಎಂದು ಕೂಗುವುದರೊಳಗೆ ತಿರುವಿನಲ್ಲಿ ಮಾಯ. ಆಮೇಲೆ ಹತ್ತು, ಇಪ್ಪತ್ತು, ಗುಂಪು ಗುಂಪು. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಸು ಕರು ಹಾಕುವಾಗಲೂ ನನಗೆ ಹಾಗಾಗುವುದಿಲ್ಲ.

"ಬಂದಳು! ಬಂದಳು!" ಎಂದು ಅತ್ತಿಗೆ ಮೇಲಿನಿಂದ ಕಿರುಚಿದಳು.

ಹೌದು, ಅವಳೇ. ಹಳದಿ ಬನಿಯನ್, ಬೆವರು ಸುರಿಯುವ ಮುಖ. ಪಿಕಪ್ ಮೇಲೆ ಹಿರಿಯರನ್ನು ಕಂಡು ಬಾಯಿ ಬಿಟ್ಟಳು, ಆದರೆ ಪೆಡಲ್ ನಿಲ್ಲಿಸಲಿಲ್ಲ. ಗೆದ್ದೆ ಎಂದುಕೊಂಡೆ. ಆಗಲೇ ಅವಳ ಕಣ್ಣಿಗೆ ಅಣ್ಣ ಬಿದ್ದ. ಬ್ರೇಕ್ ಕಿರ್‍ರ್ ಎಂದಿತು. ಒಂದು ಕಾಲು ಪೆಡಲಿನಿಂದ ಇಳಿಯಿತು.

"ಇಳೀಬೇಡ! ಇಳಿದರೆ ನಾನೇ ಹೊಡೀತೇನೆ!" ಎಂದು ಕೂಗುತ್ತಾ ಓಡಿದೆ.

ಅಣ್ಣ ಅವಳನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಅವಳ ಹಿಂದೆ ಇತ್ತು. ಕೆಂಪು ಹೆಲ್ಮೆಟ್ಟಿನ ಹೆಂಗಸೊಬ್ಬಳು ತಲೆ ತಗ್ಗಿಸಿ ಜೋರಾಗಿ ಏರುತ್ತಿದ್ದಳು. ಅಣ್ಣನ ಮುಖವೇ ಬದಲಾಯಿತು.

"ಕೂಸೇ, ನಿಲ್ಬೇಡ! ಹಿಂದೆ ಒಬ್ಬಳು ಬರ್ತಾ ಉಟ್ಟು!" ಎಂದು ಊರುಗೋಲನ್ನು ಮಡಿಕೇರಿ ಕಡೆ ಚಾಚಿದ. "ಅವಳಿಗೆ ದಾರಿ ಬಿಡಬೇಡ! ತುಳಿ, ತುಳಿ!"

ಕೆಳಗಿಳಿದ ಕಾಲು ಮೇಲೆ ಹೋಯಿತು. "ಬರ್ತೇನೆ ಮಾವ" ಎಂದು ಉಸಿರಿನ ನಡುವೆ ಹೇಳಿ ಎದ್ದು ನಿಂತು ತುಳಿದಳು. ಕೆಂಪು ಹೆಲ್ಮೆಟ್ ಅವಳ ಬೆನ್ನಿಗೇ ಇತ್ತು. ಅಣ್ಣ ಊರುಗೋಲು ಎತ್ತಿಕೊಂಡು ಹತ್ತಿಪ್ಪತ್ತು ಹೆಜ್ಜೆ ಅವರ ಹಿಂದೆ ಓಡಿದ. ಅವನು ಓಡಿದ್ದನ್ನು ನಾನು ನೋಡಿ ಎಷ್ಟು ವರ್ಷವಾಯಿತೋ.

ಆಮೇಲೆ ಕಾಯುವುದು. ಮಗ ಮಡಿಕೇರಿಯಲ್ಲಿ ರೇಸು ಮುಗಿಯುವಲ್ಲಿ ನಿಂತಿದ್ದ. ನಾನು ಫೋನನ್ನು ಕೈಯಲ್ಲೇ ಹಿಡಿದು ನಿಂತೆ. ಯಾರೋ ಕೊಟ್ಟ ಕಾಫಿಯನ್ನು ಕುರ್ಚಿಯ ಮೇಲಿಟ್ಟು ಮರೆತೆ. "ಎರಡು ಗಂಟೆ ಆಗಿ ಹೋಯ್ತಲ್ಲ" ಎಂದ ಅಣ್ಣ. "ಬಾಯಿ ಮುಚ್ಚು" ಎಂದೆ.

ಫೋನ್ ಬಡಿದುಕೊಂಡಿತು. ಸ್ಪೀಕರ್ ಒತ್ತಿದೆ.

"ಅವ್ವಾ, ಒಳಗೆ! ಎರಡು ಗಂಟೆ ಒಳಗೆ! ಒಂದು ನಿಮಿಷ ಬಾಕಿ ಇತ್ತು!" ಮಗನ ದನಿ ಒಡೆದಿತ್ತು. ಹಿಂದಿನಿಂದ ಸೊಸೆ ಏದುಸಿರಿನಲ್ಲಿ ಏನೋ ಕೂಗುತ್ತಿದ್ದಳು, ಒಂದಕ್ಷರ ಅರ್ಥವಾಗಲಿಲ್ಲ.

"ಮೊದಲು ಅವಳಿಗೆ ನೀರು ಕೊಡು" ಎಂದೆ.

ಪಿಕಪ್ ಮೇಲಿನವರು ಕಾಲು ಬಡಿದ ಸದ್ದಿಗೆ ಡ್ರೈವರ್ ಗಾಬರಿಯಾಗಿ ಓಡಿ ಬಂದ. ಸಾಕು ಇಳಿಯಿರಿ ಎಂದು ನಾನು ಏಣಿ ಹಿಡಿದರೆ ಯಾರೂ ಇಳಿಯಲು ತಯಾರಿಲ್ಲ. ರೋಡಿನಲ್ಲಿ ಇನ್ನೂ ಸೈಕಲ್ ಬರುತ್ತಿದ್ದವು, ಸುಸ್ತಾದವರು, ಹಿಂದೆ ಉಳಿದವರು. ಅತ್ತಿಗೆ ಬಗ್ಗಿ, ಗುರುತೇ ಇಲ್ಲದ ಬೊಜ್ಜಿನ ಗಂಡಸೊಬ್ಬನಿಗೆ, "ಏಯ್, ಎಂಥ ನಿದ್ದೆ ಮಾಡ್ತಿದ್ದೀಯಾ? ತುಳಿ!" ಎಂದು ಗದರಿದಳು. ಅವನು ಬೆಚ್ಚಿ ತುಳಿದ. ಅಣ್ಣ ನನ್ನ ಕೈಯಿಂದ ಏಣಿ ಕಿತ್ತುಕೊಂಡು, "ಸರಿ ಅತ್ಲಾಗೆ, ನಂಗೂ ಮೇಲೆ ಜಾಗ ಮಾಡಿ" ಎಂದು ಹತ್ತತೊಡಗಿದ.