ಅಳಿಯನ ತಟ್ಟೆ

ನಮ್ಮ ಮನೆಯ ಮುಂದಿನ ನಲ್ಲಿಯನ್ನು ಎಷ್ಟು ಬಿಗಿಯಾಗಿ ತಿರುಗಿಸಿದರೂ ಅದು ಪೂರ್ತಿ ನಿಲ್ಲುವುದಿಲ್ಲ. ಹೊಸ ವಾಷರು ಹಾಕಿಸಿದ ಮೊದಲ ವಾರ ಸಭ್ಯವಾಗಿರುತ್ತದೆ, ಎರಡನೆಯ ವಾರ ಮತ್ತೆ ತೊಟ್ಟಿಕ್ಕತೊಡಗುತ್ತದೆ. ಆ ಹನಿಗಳನ್ನು ಹಿಡಿಯಲು ಅಮ್ಮ ಕೆಳಗೊಂದು ಅಲ್ಯೂಮಿನಿಯಂ ತಟ್ಟೆ ಇಟ್ಟಿದ್ದಾಳೆ. ಅಂಚು ಒಂದು ಕಡೆ ನೆಗ್ಗಿದೆ, ತಳ ಕಪ್ಪಾಗಿದೆ. ಹಳೇ ಪಾತ್ರೆ ಕೊಳ್ಳುವವನೂ ಕೈಯಲ್ಲಿ ಹಿಡಿದು ತೂಗಿ ನೋಡಿ ವಾಪಸು ಕೊಟ್ಟ ತಟ್ಟೆ. ಮನೆಗೆ ಬಂದವರು ಯಾರೂ ಅದನ್ನು ಗಮನಿಸುವುದಿಲ್ಲ. ಒಂದು ಕಾಲದಲ್ಲಿ ಬಸವೇಶ್ವರನಗರದ ನಮ್ಮ ಬೀದಿಯ ಅಷ್ಟೂ ಮನೆಗಳವರು ಪೈಪೋಟಿಯ ಮೇಲೆ ಬಡಿಸಿದ ತಟ್ಟೆ ಇದು ಎಂದರೆ ನೀವು ನಂಬುವುದೂ ಕಷ್ಟ.

ನನಗೆ ದಿನಚರಿ ಬರೆಯುವ ಚಾಳಿ. ಹಾಲಿನವನು ಬಾರದ ದಿನ, ಬಸ್ಸು ತಪ್ಪಿದ ದಿನ, ಸೀಮೆಎಣ್ಣೆ ಸಿಕ್ಕಿದ ದಿನ, ಎಲ್ಲಕ್ಕೂ ಗೆರೆ ಎಳೆದ ಕಾಲಂಗಳುಂಟು. ೧೯೮೫ರ ಮಳೆಗಾಲದ ಪುಟಗಳಲ್ಲಿ ಮಾತ್ರ ಎರಡೇ ಕಾಲಂಗಳಿವೆ: ಒಂದು ಅಕ್ಕನದು, ಇನ್ನೊಂದು ನಾಯಿಯದು.

ಅಕ್ಕ ಶಕುಂತಲಾ ಆಗ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರುಗಳಿಗೆ ತಾಮ್ರದ ತಂತಿ ಸುತ್ತುವುದನ್ನು ಕಲಿಯುತ್ತಿದ್ದಳು. ಎಡಗಾಲಿನಿಂದ ಪೆಡಲು ಒತ್ತಿ ಯಂತ್ರ ತಿರುಗಿಸಬೇಕು, ಬೆರಳುಗಳಿಂದ ತಂತಿಯ ಬಿಗಿ ಕಾಯಬೇಕು. ಕಾಲು ಒಂದಿಷ್ಟು ಆತುರಪಟ್ಟರೆ ಕೂದಲಿನಂಥ ತಂತಿ ತುಂಡಾಗಿ ಬೆಳಗಿನಿಂದ ಸುತ್ತಿದ್ದೆಲ್ಲ ದಂಡ. ದಸರೆಯ ಹೊತ್ತಿಗೆ ತರಬೇತಿ ಮುಗಿಯುವುದಿತ್ತು. ಆಮೇಲೆ ವೈದ್ಯರ ಒಂದು ತಪಾಸಣೆ, ಅದು ಆದರೆ ಕೆಲಸ ಪರ್ಮನೆಂಟ್. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆಯ ಮೇಲೆ ನಡೆದಿದ್ದ ನಮ್ಮ ಮನೆಯಲ್ಲಿ ಆ ಪರ್ಮನೆಂಟ್ ಎಂಬ ಪದವನ್ನು ದೇವರ ಮುಂದೆ ದೀಪ ಹಚ್ಚುವಾಗಲೂ ಹೇಳಿಕೊಳ್ಳುತ್ತಿದ್ದೆವು.

ಆಗಸ್ಟಿನ ಒಂದು ಬೆಳಿಗ್ಗೆ ಬಸ್ಸಿಗೆಂದು ಓಡುವಾಗ, ಕಟ್ಟುತ್ತಿದ್ದ ಮನೆಯ ಮುಂದಿನ ಮರಳಿನಲ್ಲಿ ಮಲಗಿದ್ದ ಕಂದು ನಾಯಿಯೊಂದರ ಬಾಲವನ್ನು ಅಕ್ಕ ತುಳಿದಳು. ಅದು ಅವಳ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ಬಾಲ ತುಳಿದರೆ ಹುಚ್ಚಿಲ್ಲದ ನಾಯಿಯೂ ಕಚ್ಚುತ್ತದೆ. ಹುಚ್ಚಿರುವ ನಾಯಿಗೆ ಬಾಲ ತುಳಿಯುವವರೆಗೂ ಕಾಯುವ ಅಗತ್ಯವಿಲ್ಲ. ಇಷ್ಟು ತರ್ಕ ನಮಗೂ ಗೊತ್ತಿತ್ತು. ಆದರೆ ತರ್ಕದ ಮೇಲೆ ಜೀವ ಪಣಕ್ಕಿಡುವಷ್ಟು ಧೈರ್ಯ ಯಾರಿಗಿದೆ?

ಆಸ್ಪತ್ರೆಯ ವೈದ್ಯರು ಗಾಯವನ್ನು ಸೋಪಿನಲ್ಲಿ ತೊಳೆಸಿ ಹೇಳಿದರು: "ಇವತ್ತಿಂದಾನೇ ಇಂಜೆಕ್ಷನ್ ಶುರು ಮಾಡೋಣ. ಹೊಟ್ಟೆಗೆ, ದಿನಾ ಒಂದು, ಒಟ್ಟು ಹದಿನಾಲ್ಕು. ಆದ್ರೆ ನಾಯಿ ಮೇಲೆ ಒಂದು ಕಣ್ಣಿಟ್ಟಿರಿ. ಹತ್ತು ದಿನ ಅದು ಚೆನ್ನಾಗಿ ಓಡಾಡ್ಕೊಂಡಿದ್ರೆ ಹುಚ್ಚಿಲ್ಲ ಅಂತ. ಅಲ್ಲಿಗೇ ನಿಲ್ಲಿಸಿಬಿಡ್ತೀವಿ."

ಅಂದರೆ ನಾಯಿ ಬದುಕಿರಬೇಕು, ಬೀದಿ ಬಿಟ್ಟು ಹೋಗಲೂಬಾರದು. ಎದುರು ಮನೆಯ ನಾಗರತ್ನಮ್ಮ ಆಂಟಿ ಎರಡನ್ನೂ ತಮ್ಮ ಹೊಣೆಯೆಂದೇ ತಿಳಿದರು. "ಹೊಟ್ಟೆ ತುಂಬಿದ ನಾಯಿ ಎಲ್ಲಿಗ್ರೀ ಹೋಗ್ತದೆ?" ಎನ್ನುತ್ತ ನಮ್ಮ ಗೇಟಿನ ಬಳಿ ಅಮ್ಮ ಇಟ್ಟ ಈ ತಟ್ಟೆಗೆ ಮೊದಲ ತುತ್ತು ಹಾಕಿದವರೇ ಅವರು. ಮರುದಿನಕ್ಕೆ ಬೀದಿಯೆಲ್ಲ ಸೇರಿತು. ಹಿಂದಿನ ದಿನದವರೆಗೆ ಕಲ್ಲೆಸೆಯುತ್ತಿದ್ದವರು ಹಾಲಿನಲ್ಲಿ ಬನ್ನು ನೆನೆಸಿ ತಂದರು. ಹೆಸರಿಲ್ಲದ ಆ ನಾಯಿಗೆ ಅಳಿಯ ಎಂದು ಹೆಸರೂ ಬಿತ್ತು.

"ಅಳಿಯಂದ್ರಿಗೆ ತಿಂಡಿ ಆಯ್ತೇನ್ರೀ?"

"ಉಪ್ಪಿಟ್ಟು ಮೂಸಿ ನೋಡಲಿಲ್ಲ ಕಣ್ರೀ. ಬನ್ನೇ ಬೇಕಂತೆ."

"ಹೊಸ ಅಳಿಯ, ಬಿಗುಮಾನ ಇರೋದೇ ಬಿಡಿ."

ಅಕ್ಕ ನಗುತ್ತಿದ್ದಳು. ನಕ್ಕರೆ ಹೊಟ್ಟೆ ನೋಯುತ್ತಿದ್ದುದರಿಂದ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ಕಚ್ಚಿಸ್ಕೊಂಡವಳಿಗೆ ಸೂಜಿ, ಕಚ್ಚಿದವನಿಗೆ ಬನ್ನು. ಚೆನ್ನಾಗಿದೆ ಕಣೇ ನಿಮ್ಮ ನ್ಯಾಯ," ಎಂದು ನನ್ನನ್ನು ಛೇಡಿಸುತ್ತಿದ್ದಳು. ರಜೆ ಹಾಕಿದರೆ ಪರ್ಮನೆಂಟ್‌ಗೆ ಎಲ್ಲಿ ತೊಡಕಾದೀತೋ ಎಂದು ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡು, ಸೆರಗನ್ನು ಹೊಟ್ಟೆಗೆ ತಾಗದಂತೆ ಹಿಡಿದುಕೊಂಡೇ ಲಗ್ಗೆರೆ ದಾಟಿ ಕೆಲಸಕ್ಕೆ ಹೋಗುತ್ತಿದ್ದಳು. ನಾನೂ ಎರಡು ಸಲ ಜೊತೆಗೆ ಹೋಗಿದ್ದೆ. ನಾಯಿ ಕಚ್ಚಿಸಿಕೊಂಡವರದೇ ಒಂದು ಸಂಸಾರ ಅಲ್ಲಿ. "ನಿಮ್ಮದು ಎಷ್ಟನೇದಮ್ಮಾ?" ಎಂದು ಕೇಳಿದ ಅಜ್ಜನೊಬ್ಬ, ನಾಲ್ಕು ಎಂಬ ಉತ್ತರ ಕೇಳಿ, "ಅಯ್ಯೋ, ಇನ್ನೂ ಶಿಶುವಿಹಾರದಲ್ಲಿದೀರಿ ಬಿಡಿ. ನಂದು ಹನ್ನೊಂದು," ಎಂದು ಹೆಮ್ಮೆಪಟ್ಟ. ರಾತ್ರಿ ಅಕ್ಕ ಹೊಕ್ಕುಳ ಸುತ್ತಿನ ಕೆಂಪು ಗಂಟುಗಳನ್ನು ತೋರಿಸಿ, "ನೋಡೇ, ರಂಗೋಲಿ ಚುಕ್ಕಿ ಇಟ್ಟಾಯ್ತು, ಇನ್ನು ಗೆರೆ ಎಳೆಯೋದೊಂದೇ ಬಾಕಿ," ಎಂದಳು. ನನ್ನ ಎರಡನೆಯ ಕಾಲಮಿನಲ್ಲಿ ಪ್ರತಿದಿನ ಒಂದೇ ಪದ: 'ಚೆನ್ನಾಗಿದೆ'.

ಅದೇ ದಿನಗಳಲ್ಲಿ ಕಾಲೇಜಿನ ಲೈಬ್ರರಿಯ ಪತ್ರಿಕೆಯೊಂದರಲ್ಲಿ ಈ ಲಸಿಕೆಗೆ ನೂರು ವರ್ಷ ತುಂಬಿದ ಸಂಭ್ರಮದ ಲೇಖನ ಕಣ್ಣಿಗೆ ಬಿತ್ತು. ೧೮೮೫ರ ಜುಲೈಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ನಾಯಿ ಕಚ್ಚಿ, ತಾಯಿ ಅವನನ್ನು ಪ್ಯಾರಿಸ್ಸಿಗೆ ಕರೆತಂದಳಂತೆ. ವೈದ್ಯನಲ್ಲದ ರಸಾಯನಶಾಸ್ತ್ರಜ್ಞನೊಬ್ಬ, ರೋಗ ತಗಲಿಸಿದ ಮೊಲಗಳ ಬೆನ್ನುಹುರಿಯನ್ನು ಗಾಜಿನ ಜಾಡಿಗಳಲ್ಲಿ ಒಣಗಿಸಿ ತಯಾರಿಸಿದ ಮದ್ದನ್ನು, ವೈದ್ಯನೊಬ್ಬನ ಕೈಯಿಂದ ಆ ಹುಡುಗನಿಗೆ ಚುಚ್ಚಿಸಿದನಂತೆ. ಹುಡುಗ ಬದುಕಿದ. ದೊಡ್ಡವನಾದ ಮೇಲೆ ಅದೇ ವಿಜ್ಞಾನಿಯ ಸಂಸ್ಥೆಯ ಬಾಗಿಲು ಕಾಯುವವನಾದ. ಕಚ್ಚಿದ ನಾಯಿಯನ್ನು ಕೊಂದು ಹೊಟ್ಟೆ ಸೀಳಿ ನೋಡಿದಾಗ ಹುಲ್ಲೂ ಮರದ ಚೂರೂ ಸಿಕ್ಕಿದ್ದವಂತೆ. ಅದಕ್ಕೆ ಹುಚ್ಚಿತ್ತು ಎನ್ನಲು ಆ ಕಾಲಕ್ಕೆ ಅಷ್ಟೇ ಸಾಕ್ಷಿ ಸಾಕಾಗಿತ್ತು. ಓದಿ ನನಗೆ ರೋಮಾಂಚನವಾಗಿತ್ತು. ಅಕ್ಕನಿಗೂ ಓದಿ ಹೇಳಿದೆ. "ನೂರು ವರ್ಷ ಆಯ್ತಾ? ಹಾಗಾದ್ರೆ ನೋವಾಗದ ಹಾಗೆ ಮಾಡೋಕೆ ಇನ್ನೂ ಎಷ್ಟು ಬೇಕಂತೆ, ಕೇಳು," ಎಂದಳು.

ಅಳಿಯ ನಮ್ಮ ಬೀದಿಯ ಅತಿಥಿಯಾದ ಆರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಎಲ್ಲರ ಮನೆಯಲ್ಲೂ ಹೋಳಿಗೆ. ಹಬ್ಬದ ದಿನ ಅಳಿಯನನ್ನು ಬಿಟ್ಟು ಉಣ್ಣುವುದುಂಟೇ? ಒಂದೊಂದು ಮನೆಯಿಂದ ಒಂದೊಂದು ಬಂದು, ಒಬ್ಬರು ತುಪ್ಪ ಕಡಿಮೆಯಾಯಿತೆಂದು, ಇನ್ನೊಬ್ಬರು ಹಾಲಿಲ್ಲದೆ ಹೇಗೆಂದು, ಈ ತಟ್ಟೆ ಬೆಳಗಿನಿಂದ ಮೂರು ಗಂಟೆಯವರೆಗೆ ಖಾಲಿಯಾಗಲೇ ಇಲ್ಲ. ಹುಟ್ಟಿದಾರಭ್ಯ ತಿಪ್ಪೆಯಲ್ಲಿ ಕೆದಕಿ ತಿಂದಿದ್ದ ಪ್ರಾಣಿ ಅದು, ಬೇಡವೆನ್ನುವುದನ್ನು ಕಲಿತಿರಲಿಲ್ಲ.

ಸಂಜೆಗೆ ಅದರ ಹೊಟ್ಟೆ ತಮಟೆಯಾಯಿತು. ಕಾಲು ತೊಡರುತ್ತ ಬಂದು ಗೇಟಿನ ಬಳಿ ಕಕ್ಕಿತು. ಬಾಯಿಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ನಾಗರತ್ನಮ್ಮ ಆಂಟಿ ಗಾಬರಿಯಾಗಿ ನೀರಿನ ಬೋಗುಣಿ ತಂದು ಮುಂದಿಟ್ಟರು. ನಾಯಿ ಮುಖ ತಿರುಗಿಸಿತು. ಕೊನೆಯ ಮನೆಯ ಮಂಜ, ಇಪ್ಪತ್ತು ವರ್ಷದವನು, ಅಕ್ಕನನ್ನು ಚಿಕ್ಕಂದಿನಿಂದ ಶಕ್ಕಕ್ಕ ಎಂದು ಕರೆಯುತ್ತಿದ್ದವನು, ಕಿರುಚಿದ:

"ನೀರು ಕಂಡ್ರೆ ಹೆದರ್ತಾ ಇದೆ ಗುರು! ಹುಚ್ಚು ಹಿಡಿದಿದೆ! ಮಕ್ಳನ್ನ ಒಳಗೆ ಎಳ್ಕೊಳ್ರೋ!"

ಕಟ್ಟುತ್ತಿದ್ದ ಮನೆಯಿಂದ ಕಬ್ಬಿಣದ ಸರಳುಗಳು ಬಂದವು. ಹೊಟ್ಟೆಭಾರಕ್ಕೆ ಓಡಲಾರದ ನಾಯಿ, ಆರು ದಿನದಿಂದ ಅನ್ನ ಹಾಕಿದ ಕೈಗಳೇ ಬಂದವೆಂದು ಬಾಲ ಅಲ್ಲಾಡಿಸಿತೆಂದು ಅಮ್ಮ ಈಗಲೂ ಹೇಳುತ್ತಾಳೆ. ಗುರಿ ತಪ್ಪಿದ ಒಂದು ಏಟು ತಟ್ಟೆಗೆ ಬಿತ್ತು. ಆಮೇಲೆ ಸೋಂಕು ಉಳಿಯಬಾರದೆಂದು ಪಕ್ಕದ ಖಾಲಿ ಸೈಟಿನಲ್ಲಿ ಸೀಮೆಎಣ್ಣೆ ಸುರಿದು ಸುಟ್ಟರು. ಎಷ್ಟು ಶ್ರದ್ಧೆಯಿಂದ ಉಣಿಸಿದ್ದರೋ ಅಷ್ಟೇ ಶ್ರದ್ಧೆಯಿಂದ ಸುಟ್ಟರು.

ಮರುದಿನ ವೈದ್ಯರು ಕೇಳಿದ್ದು ಒಂದೇ: "ತಲೆ ಎಲ್ಲಿ?"

"ಸುಟ್ಟುಬಿಟ್ರು ಡಾಕ್ಟ್ರೇ," ಎಂದಳು ಅಮ್ಮ.

ಅವರು ಅಕ್ಕನ ಚೀಟಿ ಎಳೆದುಕೊಂಡರು. "ಮಿದುಳು ಪರೀಕ್ಷೆ ಮಾಡಿಸಿದ್ರೆ ಗೊತ್ತಾಗಿಬಿಡ್ತಿತ್ತಮ್ಮ. ಇನ್ನು ಹದಿನಾಲ್ಕೂ ತಗೋಳಲೇಬೇಕು. ಬೇರೆ ದಾರಿ ಇಲ್ಲ."

ತೆಗೆದುಕೊಂಡಳು. ಕೊನೆಯದು ಮುಗಿದ ಕೆಲವೇ ದಿನಗಳಿಗೆ, ಒಂದು ಬೆಳಿಗ್ಗೆ, ಬಚ್ಚಲಿನ ಮಣೆಯಿಂದ ಏಳಲು ಅಕ್ಕನಿಗೆ ಆಗಲಿಲ್ಲ. "ಜೋಮು ಹಿಡಿದಿದೆ ಕಣೇ, ಸ್ವಲ್ಪ ಎತ್ತು," ಎಂದಳು. ಆ ಜೋಮು ಬಿಡಲಿಲ್ಲ. ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಬಲಗಾಲು ಮರಳಿ ಬಂತು, ಎಡಗಾಲು ಅರ್ಧ ದಾರಿಯಲ್ಲೇ ನಿಂತಿತು.

ಆಗ ಮತ್ತೆ ಲೈಬ್ರರಿಗೆ ಹೋದೆ. ಈ ಸಲ ರೋಮಾಂಚನಕ್ಕಲ್ಲ. ಅಕ್ಕನಿಗೆ ಚುಚ್ಚಿದ್ದು ಕುರಿಯ ಮಿದುಳಿನಲ್ಲಿ ಬೆಳೆಸಿ ಕೊಂದ, ಅದೇ ನಾಯಿಹುಚ್ಚಿನ ವಿಷಾಣು. ಇಂಗ್ಲಿಷರ ಕಾಲದಲ್ಲಿ ನಮ್ಮದೇ ದೇಶದ ಬೆಟ್ಟದೂರೊಂದರಲ್ಲಿ ಸೈನ್ಯದ ವೈದ್ಯನೊಬ್ಬ ಕಂಡುಹಿಡಿದ ಕ್ರಮ. ಮದ್ದಿನ ಜೊತೆಗೆ ಕುರಿಯ ನರದ ಅಂಶವೂ ಒಳಗೆ ಹೋಗುತ್ತದೆ. ಅದನ್ನು ಶತ್ರುವೆಂದು ಕಲಿತ ಶರೀರ, ಎಲ್ಲೋ ಒಬ್ಬೊಬ್ಬರಲ್ಲಿ, ಕುರಿಯ ನರಕ್ಕೂ ತನ್ನ ನರಕ್ಕೂ ಭೇದ ಕಾಣದೆ ತನ್ನನ್ನೇ ತಿನ್ನತೊಡಗುತ್ತದೆ. ಕುರಿ ಮೊಲಗಳ ನರವಿಲ್ಲದ, ಜೀವಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆ ಆಗಲೇ ಬಂದಿತ್ತು. ಆದರೆ ಅದು ನಮ್ಮಂಥವರು ನಿಲ್ಲುವ ಸಾಲಿನವರೆಗೆ ಬಂದಿರಲಿಲ್ಲ. ಅತ್ತ ನೂರು ವರ್ಷದ ಸಂಭ್ರಮ ಆಚರಿಸುತ್ತಿದ್ದರು, ಇತ್ತ ನಾವು ಆ ನೂರು ವರ್ಷದ ಹಿಂದಿನ ತುದಿಯಲ್ಲಿ ಸೆರಗು ಸರಿಸಿಕೊಂಡು ನಿಂತಿದ್ದೆವು.

ನೀವು ಲಸಿಕೆಗಳ ಚರಿತ್ರೆಯ ಪುಸ್ತಕಗಳನ್ನು ಓದಿದ್ದರೆ ಗಮನಿಸಿರುತ್ತೀರಿ, ಮೊದಲು ಉಳಿದವರ ಹೆಸರುಗಳೆಲ್ಲ ಅವುಗಳಲ್ಲಿ ಭದ್ರವಾಗಿವೆ. ಸಿಡುಬಿನ ಲಸಿಕೆ ಮೊದಲು ಹಾಕಿಸಿಕೊಂಡ ತೋಟಗಾರನ ಮಗನಿಗೆ ಹೆಸರಿದೆ, ಅವನಿಗೆ ಕೀವು ಕೊಟ್ಟ ಹಾಲು ಕರೆಯುವ ಹುಡುಗಿಗೆ ಹೆಸರಿದೆ, ಆ ಹಸುವಿಗೂ ಹೆಸರಿದೆ. ಆ ಲಸಿಕೆ ನಮ್ಮ ಕಡೆಗೆ ಬಂದದ್ದು ಶೀಸೆಯಲ್ಲಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯಿಂದ ಇನ್ನೊಂದು ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಕೂಸುಗಳನ್ನೇ ಪಾತ್ರೆ ಮಾಡಿಕೊಂಡು ಊರಿಂದೂರಿಗೆ ಬಂತು. ಆ ಪಾತ್ರೆಗಳ ಹೆಸರು ಹೆಚ್ಚಾಗಿ ಯಾರಿಗೂ ಗೊತ್ತಿಲ್ಲ. ಪ್ಯಾರಿಸ್ಸಿನ ಮದ್ದಿನಿಂದಲೇ ಕಾಲು ಸೋತವರು ಅಂದಿನಿಂದಲೇ ಇದ್ದರಂತೆ. ಅವರಲ್ಲಿ ಯಾರನ್ನೂ ಯಾವ ಸಂಸ್ಥೆಯ ಬಾಗಿಲಿಗೂ ನಿಲ್ಲಿಸಿದ ಹಾಗೆ ಕಾಣೆ.

ಲಸಿಕೆಯ ಮೇಲೆ ನನಗೆ ಸಿಟ್ಟಿಲ್ಲ. ನಾಳೆ ನನಗೇ ನಾಯಿ ಕಚ್ಚಿದರೂ ಅದೇ ಸಾಲಿನಲ್ಲಿ ನಿಲ್ಲುತ್ತೇನೆ. ಹುಚ್ಚುನಾಯಿ ಕಡಿತದಿಂದ ಒಬ್ಬರು ಸಾಯುವುದನ್ನು ಒಮ್ಮೆ ಆ ಆಸ್ಪತ್ರೆಯ ಕಿಟಕಿಯಿಂದ ಕಂಡಿದ್ದೇನೆ. ನನ್ನ ಕಹಿ ಬೇರೆ. ನಾಯಿಗೆ ಹುಚ್ಚಿದ್ದರೆ ಆ ಮದ್ದು ನನ್ನ ಅಕ್ಕನ ಜೀವ ಉಳಿಸಿತು, ಕಾಲಿನ ಬೆಲೆಗೆ ಅದು ಅಗ್ಗವೇ. ಹುಚ್ಚಿರಲಿಲ್ಲವಾದರೆ, ಬರೀ ಅಜೀರ್ಣವಾಗಿದ್ದರೆ, ಇನ್ನು ನಾಲ್ಕು ದಿನ ಅದು ಉಳಿದಿದ್ದರೆ ಅರ್ಧದಲ್ಲೇ ಸೂಜಿ ನಿಲ್ಲುತ್ತಿತ್ತು, ಬಹುಶಃ ಕಾಲೂ ಉಳಿಯುತ್ತಿತ್ತು. ಯಾವುದು ನಿಜವೆಂದು ಹೇಳಬಲ್ಲ ಒಂದೇ ವಸ್ತುವನ್ನು ನಾವು ಸುಟ್ಟುಬಿಟ್ಟೆವು. ಪ್ಯಾರಿಸ್ಸಿನ ನಾಯಿಯ ಹೊಟ್ಟೆಯಲ್ಲಿ ಹುಲ್ಲು ಸಿಕ್ಕಿತು. ನಮ್ಮದರ ಹೊಟ್ಟೆ ಸೀಳಿದ್ದರೆ ನಾಗರತ್ನಮ್ಮ ಆಂಟಿಯ ತುಪ್ಪದ ಹೋಳಿಗೆ ಸಿಗುತ್ತಿತ್ತು. ಮಂಜನನ್ನು ಬೈಯೋಣವೆಂದರೆ, ಆಸ್ಪತ್ರೆಯಲ್ಲಿ ಅಕ್ಕನನ್ನು ಎತ್ತಿ ಮಂಚಕ್ಕೆ ಹಾಕಿದವನು ಅವನೇ.

ದಸರೆ ಬಂತು, ಹೋಯಿತು. ತಪಾಸಣೆಗೆ ಅಕ್ಕ ಹೋಗಲೇ ಇಲ್ಲ. ಪೆಡಲಿಗೆ ಬೇರೆ ಹುಡುಗಿಯ ಕಾಲು ಬಂತು. ಬೀದಿಯವರು ನಮ್ಮನ್ನು ಕೈಬಿಡಲಿಲ್ಲ, ಅದನ್ನು ಬರೆಯದಿದ್ದರೆ ಅನ್ಯಾಯವಾದೀತು. ಒಬ್ಬರ ಮನೆಯಿಂದ ಸಾರು, ಇನ್ನೊಬ್ಬರ ಮನೆಯಿಂದ ಇಡ್ಲಿ, ಬಾಗಿಲಲ್ಲಿ ನಿಂತು, "ಹೇಗಿದಾಳೆ? ಇವತ್ತು ಓಡಾಡಿದ್ಲಾ?" ಎಂದು ವಿಚಾರಿಸುತ್ತಿದ್ದರು. ಅಕ್ಕ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು.

ಮರುವರ್ಷ ವರಮಹಾಲಕ್ಷ್ಮಿ ಹಬ್ಬದ ದಿನ ನಾಗರತ್ನಮ್ಮ ಆಂಟಿ ಬಾಳೆಯೆಲೆಯಲ್ಲಿ ಮೂರು ಹೋಳಿಗೆ ತಂದರು. "ತಿನ್ನಮ್ಮಾ ಶಕ್ಕು, ಕಾಲಿಗೆ ಶಕ್ತಿ ಬರ್ಲಿ. ತುಪ್ಪ ಜಾಸ್ತೀನೇ ಹಾಕಿದೀನಿ," ಎಂದರು.

ಅಕ್ಕ ಎಲೆಯನ್ನು ತೆಗೆದುಕೊಂಡು ಮೆತ್ತಗೆ ಕೇಳಿದಳು: "ಅಳಿಯನಿಗೆ ಹತ್ತು ದಿನ ಅಂದಿದ್ರು. ನನ್ನನ್ನ ಇನ್ನೂ ಎಷ್ಟು ದಿನ ನೋಡ್ಬೇಕಂತೆ ಆಂಟಿ?"

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದರು. ಅಕ್ಕ ಅಟ್ಟದಿಂದ ಈ ತಟ್ಟೆಯನ್ನು ನನ್ನ ಕೈಲಿ ಇಳಿಸಿ, ಹೋಳಿಗೆಗಳನ್ನು ಅದರಲ್ಲಿಟ್ಟು, ಗೇಟಿನ ಹೊರಗೆ ಇಡಿಸಿದಳು. ಕತ್ತಲಾಗುವವರೆಗೂ ಅವು ಹಾಗೇ ಇದ್ದವು. ಹುಡುಗರು ಅಟ್ಟಿ ಅಟ್ಟಿ, ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ನಾಯಿಯೂ ಉಳಿದಿರಲಿಲ್ಲ.

ತಟ್ಟೆ ಮರಳಿ ಅಟ್ಟಕ್ಕೆ ಹೋಗಲಿಲ್ಲ, ನಲ್ಲಿಯ ಕೆಳಗೆ ಸೇರಿತು. ಸಂಜೆಗೆ ತುಂಬುತ್ತದೆ. ಅಕ್ಕ ಬಾಗಿ ಅದನ್ನು ಎತ್ತಲಾರಳು. ಗೋಡೆ ಹಿಡಿದು ಬಂದು ನಿಂತು, ಎಡಗಾಲಿನ ಹೆಬ್ಬೆರಳನ್ನು ಅಂಚಿನ ಮೇಲಿಟ್ಟು, ಪೆಡಲು ಒತ್ತುವ ಹಾಗೆ ಒತ್ತಲು ನೋಡುತ್ತಾಳೆ. ತಟ್ಟೆ ಅಲುಗುವುದಿಲ್ಲ. ಆಮೇಲೆ ಊರುಗೋಲಿನ ತುದಿಯಿಂದ ಒತ್ತುತ್ತಾಳೆ, ನೆಗ್ಗಿದ ಕಡೆಯಿಂದ ನೀರು ಹರಿದುಹೋಗುತ್ತದೆ. ದಿನವೂ ಮೊದಲು ಕಾಲು, ಆಮೇಲೆ ಕೋಲು. ಎಲ್ಲಕ್ಕೂ ಲೆಕ್ಕವಿಡುವ ನಾನು ಅದಕ್ಕೆ ಮಾತ್ರ ಇನ್ನೂ ಕಾಲಂ ಎಳೆದಿಲ್ಲ.