ಬರಿ ಬ್ರೆಡ್ಡಿನ ಜೊತೆ ಒಗರು

ದ್ರಾಕ್ಷಿ ತೋಟಗಳ ಮದಿರಾನ್ ಗುಡ್ಡದ ಕಡೆ ನೊಯೆಲಿಯ ನಾಲಿಗೆ ಎರಡು ಕಾರಣಕ್ಕೆ ಹೆಸರಾಗಿತ್ತು. ಒಂದು, ಅದು ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ. ಇನ್ನೊಂದು, ಗಂಡ ಅರ್ನೋ ನಲವತ್ತೊಂದು ವರ್ಷ ಮಾಡಿದ ಕೆಂಪು ವೈನಿನಲ್ಲಿ ಅವಳು "ಆಯ್ತು" ಅನ್ನದೆ ಒಂದು ಬಾಟಲಿಯೂ ತುಂಬಿದ್ದಿಲ್ಲ. ಅವನು ಪೀಪಾಯಿಯಿಂದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದು, ಅವಳು ಬಾತುಕೋಳಿಯ ತೊಡೆ ಹುರಿಯುತ್ತಲೇ ಒಂದು ಗುಟುಕು ಕುಡಿದು, "ಇನ್ನೂ ಹಸಿ, ನಿನ್ ಥರಾನೇ" ಅನ್ನುವುದು, ಅವನು ನಗುತ್ತ ಮರಳುವುದು. ಅವರ ಸಂಸಾರವೆಲ್ಲ ಇಷ್ಟೇ ಅಂದರೂ ತಪ್ಪಿಲ್ಲ.

ಅರ್ನೋ ಒಂದು ಫೆಬ್ರವರಿಯಲ್ಲಿ ತೀರಿಕೊಂಡ. ಮಣ್ಣು ಮಾಡುವಾಗ ಅವಳ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಊರ ಬಾಯಿಗೆ ಅಷ್ಟು ಸಾಕಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ದುಃಖವೂ ಸೇರಿ. ಒಲೆ ಹಚ್ಚುವುದನ್ನು ಬಿಟ್ಟಳು. ಒಣ ಬ್ರೆಡ್ಡು, ಒಂದು ಸೇಬು ತಿಂದರೆ ಅಂದಿನ ದಿನ ಮುಗಿಯಿತು.

ಮೈದುನ ರೆಮಿ ಮಾತ್ರ ತಿಂಗಳಿಗೊಮ್ಮೆ ಪೀಪಾಯಿಯಲ್ಲೇ ಉಳಿದಿದ್ದ ಅಣ್ಣನ ಕೊನೆಯ ವೈನಿನಿಂದ ಲೋಟ ತುಂಬಿ ತಂದಿಡುತ್ತಿದ್ದ. ಅವಳು ಬ್ರೆಡ್ಡು ಕಚ್ಚಿ, ಕುಡಿದು, "ಒಗರು" ಅನ್ನುತ್ತಿದ್ದಳು. ಒಂದು ವರ್ಷ ಒಗರು. ಎರಡನೆಯ ನವೆಂಬರ್ ಬರುವವರೆಗೂ ಒಗರೇ.

"ಅತ್ತಿಗೇ, ಸೋಮವಾರ ಬೆಳೆಗಾರರ ಸಂಘದ ಲಾರಿ ಬರುತ್ತೆ" ಅಂದ ರೆಮಿ, ಆ ತಿಂಗಳ ಲೋಟ ಮೇಜಿನ ಮೇಲಿಟ್ಟು. "ಇವತ್ತೂ ಒಗರು ಅಂದ್ರೆ ಅವ್ರ ತೊಟ್ಟಿಗೆ ಸುರಿಯೋದೇ. ಹತ್ತೂರ ವೈನ್ ಜೊತೆ ಬೆರೆತುಹೋಗುತ್ತೆ. ಆಮೇಲೆ ಬಾಟಲಿಗೆ ಅಣ್ಣನ ಹೆಸರಿನ ಚೀಟಿ ಅಂಟ್ಸೋ ಹಾಗಿಲ್ಲ."

"ಸುರಿ."

ರೆಮಿಗೆ ರೇಗಿತು. "ಬೆಳಿಗ್ಗೆಯಿಂದ ತೋಟದಲ್ಲಿ ಬೆನ್ನು ಬಗ್ಗಿಸಿ ಬಂದಿದೀನಿ. ಈ ಮನೇಲಿ ತಿನ್ನೋಕೆ ಏನಾದ್ರೂ ಇದೆಯಾ, ಇಲ್ಲ ಅಣ್ಣನ ಜೊತೆ ಅದನ್ನೂ ಹೂತ್‌ಬಿಟ್ರಾ?"

ಹಸಿದವನನ್ನು ಹಾಗೇ ಕಳಿಸಿದ ಮನೆಯಲ್ಲ ಅದು. ನೊಯೆಲಿ ಎದ್ದು ಉಗ್ರಾಣದಿಂದ ಕೊನೆಯ ಜಾಡಿ ತಂದಳು. ಅರ್ನೋ ಇದ್ದಾಗಿನ ಚಳಿಗಾಲದಲ್ಲಿ ಬಾತಿನ ತೊಡೆಗಳನ್ನು ಅದರದೇ ಕೊಬ್ಬಿನಲ್ಲಿ ಬೇಯಿಸಿ ಮುಚ್ಚಿಟ್ಟದ್ದು. ಒಲೆ ಹಚ್ಚಿದಳು. ಬಾಣಲೆಯಲ್ಲಿ ಕೊಬ್ಬು ಕರಗಿ, ಚರ್ಮ ಚಟಪಟ ಅಂತ ಗರಿಯಾಯಿತು. ರೆಮಿ ಅವಳಿಗೂ ಒಂದು ತಟ್ಟೆ ಇಟ್ಟ. ಒಂದು ತುಂಡು ತಿಂದು, ರೂಢಿಯಂತೆ ಲೋಟ ಎತ್ತಿದಳು.

ಒಗರು ನಾಲಿಗೆಗೆ ಹಿಡಿಯಲೇ ಇಲ್ಲ. ಕೊಬ್ಬು ಅದನ್ನು ನುಣ್ಣಗೆ ಇಳಿಸಿತು. ಹಿಂದಿನಿಂದ ಕಪ್ಪು ಪ್ಲಮ್ ಹಣ್ಣಿನ ರುಚಿ, ಅದರಾಚೆ ಒಂಚೂರು ಹೊಗೆಯ ವಾಸನೆ ಬಂತು. ಈ ವೈನನ್ನು ಬರಿ ಬ್ರೆಡ್ಡಿನ ಜೊತೆ ಅಳೆಯಬಾರದು ಅಂತ ನಿನ್ನೆ ಮೊನ್ನೆ ಬಂದ ಸೊಸೆಗೂ ಇಲ್ಲಿ ಗೊತ್ತು. ನೊಯೆಲಿಗೆ ಇಪ್ಪತ್ತೊಂದು ತಿಂಗಳು ಅದು ಹೊಳೆದಿರಲಿಲ್ಲ.

"ಯಾವಾಗಿಂದ ಹೀಗಿದೆ?"

"ಬೇಸಿಗೆಯಿಂದ. ನೀವು ಹೇಳ್ದೆ ನಾನ್ಯಾರು ಹೇಳೋಕೆ?"

ಆಯ್ತು ಅಂದರೆ ಮುಗಿಯಿತು. ಇನ್ನು ಅರ್ನೋನ ವೈನು ರುಚಿ ನೋಡಲು ಅವಳ ಮುಂದೆ ಬರುವುದಿಲ್ಲ. ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಆಯ್ತು" ಅಂದಳು. "ಲಾರಿಯವನಿಗೆ ಬರಬೇಡ ಅನ್ನು. ಚೀಟಿ ನೀನೇ ಅಂಟ್ಸು, ನೆಟ್ಟಗೆ. ನಿಮ್ಮಣ್ಣ ಒಂದನ್ನಾದ್ರೂ ನೆಟ್ಟಗೆ ಅಂಟ್ಸಿದ್ನಾ?"

ರೆಮಿ ತಲೆ ಆಡಿಸಿ, ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದು ಎದ್ದ. ಅವನು ಹೊಸ್ತಿಲು ದಾಟುವಾಗ ಅವಳು ಕೂಗಿದಳು.

"ರೆಮೀ, ಬೇಡ. ಸೊಟ್ಟಗೇ ಅಂಟ್ಸು."